ಅಳಿಸಿದ ಮೂವತ್ತು

ನಮ್ಮ ಫಿಸಿಕ್ಸ್ ಸರ್ ಅವರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಕೂಡಿಕೊಂಡು ತುಸು ಹೊಳೆಯುತ್ತಿತ್ತು, ಬೆರಳ ತುದಿ ಚಪ್ಪಟೆಯಾಗಿತ್ತು. ಅದಕ್ಕೇ ಅವರು ಸೀಮೆಸುಣ್ಣವನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಬೀಡಿ ಹಿಡಿದ ಹಾಗೆ ಹಿಡಿದು ಬರೆಯುತ್ತಿದ್ದರು. ಹಾಗೆ ಹಿಡಿದರೂ ಬೋರ್ಡಿನ ಮೇಲೆ ಅವರು ಎಳೆದ ಗೆರೆ ನೆಟ್ಟಗಿರುತ್ತಿತ್ತು. ಹುಡುಗರಾಗಿದ್ದಾಗ ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವ ಕೆಲಸಕ್ಕೆ ಅಪ್ಪನ ಜೊತೆ ರಜೆಯಲ್ಲೆಲ್ಲ ಹೋಗುತ್ತಿದ್ದರಂತೆ. ಒಂದು ಹಾಸು ಜಾರಿ ಬೆರಳ ಮೇಲೆ ಕುಂತಿತು, ಅಷ್ಟೇ ಎಂದು ಹೇಳಿ ಮುಗಿಸುತ್ತಿದ್ದರು. ಸನ್ನೆಕೋಲಿನ ಪಾಠ ಮಾಡುವಾಗ ಮಾತ್ರ ಗಣಿ ಮತ್ತೆ ಬರುತ್ತಿತ್ತು. "ಕಲ್ಲಿನ ಕೆಳಗ ಹಾರಿ ಎಲ್ಲಿ ಹಾಕಬೇಕಂತ ನಮ್ಮಪ್ಪಗ ಗೊತ್ತಿತ್ತು. ಅಲ್ಲೇ ಯಾಕ ಹಾಕಬೇಕಂತ ನನಗ ಸಾಲ್ಯಾಗ ತಿಳೀತು. ಎರಡೂ ಬೇಕ್ರಿ" ಎನ್ನುತ್ತಿದ್ದರು.

ನಾನು ಸಿಟ್ಟಿನವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಸರ್ ಅವರ ಬಗ್ಗೆ ಬರೆಯಲು ಕುಂತರೆ ನನ್ನ ಸಿಟ್ಟೂ ಪಕ್ಕದಲ್ಲಿ ಬಂದು ಕುಂದ್ರುತ್ತದೆ. ಚಿಕ್ಕಂದಿನಲ್ಲಿ ರೊಟ್ಟಿ ತಟ್ಟೆ ದೂಡಿ ಎದ್ದು ಹೋದರೆ ಎರಡು ದಿನ ಅವ್ವನ ಜೊತೆ ಮಾತಾಡುತ್ತಿರಲಿಲ್ಲ. ಅಂಥ ನನಗೆ ಅಂಥ ಗುರುಗಳು ಗಂಟುಬಿದ್ದರು.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿಯ ಕನ್ನಡ ಸಾಲಿಯಲ್ಲಿ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಪಿಯುಸಿಗೆ ಸೇಡಂ ಕಾಲೇಜಿಗೆ ಹೋದೆ. ಅರ್ಜಿ ತೆಗೆದುಕೊಳ್ಳುತ್ತಿದ್ದ ಕ್ಲರ್ಕ್ ನನ್ನ ಅಂಕಪಟ್ಟಿ ನೋಡಿ, "ಕನ್ನಡ ಮೀಡಿಯಂ ಏನು ತಂಗಿ? ಆರ್ಟ್ಸ್ ತಗೋ. ಆರಾಮ ಪಾಸಾಗ್ತಿ" ಅಂದರು. ನನಗೆ ಸಿಟ್ಟು ಮೂಗಿನ ತುದಿಗೆ ಬಂತು. ಪಕ್ಕದ ಟೇಬಲ್ಲಿನಲ್ಲಿ ಅರ್ಜಿಗಳಿಗೆ ಪಿನ್ನು ಹೊಡೆಯುತ್ತಾ ಕುಂತಿದ್ದವರು ತಲೆ ಎತ್ತಿದರು. ಅವರೇ ನಮ್ಮ ಫಿಸಿಕ್ಸ್ ಸರ್.

"ಸೈನ್ಸ್ ಯಾಕ ಬೇಕು ನಿನಗ?"

"ಗಣಿತ ಚಲೋ ಬರ್ತದ್ರಿ."

"ಫಿಸಿಕ್ಸ್?"

"ಅದು ಹ್ಯಾಂಗಿರ್ತದೋ ಗೊತ್ತಿಲ್ರಿ."

"ಹಾಂಗಾದ್ರ ತಗೋ. ಗೊತ್ತಿಲ್ಲದ್ದು ಕಲೀಲಿಕ್ಕೇ ಕಾಲೇಜು ಕಟ್ಟ್ಯಾರ." ಆಮೇಲೆ ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿ, "ಬಯಾಲಜಿ ಯಾಕ ಬರದೀದಿ?" ಎಂದು ಕೇಳಿದರು.

"ಎಲ್ಲರೂ ಅದನ್ನೇ ತಗೋಳ್ಳಿಕತ್ತಾರ್ರಿ."

"ಎಲ್ಲರೂ ಅಂದ್ರ ಯಾರು? ಹೆಸರು ಹೇಳು."

ನಾನು ಇಬ್ಬರು ಗೆಳತಿಯರ ಹೆಸರು ಹೇಳಿದೆ. ಮೂರನೆಯದು ಹೊಳೆಯಲಿಲ್ಲ.

"ಇಬ್ಬರಾದ್ರು. ಹೊರಗ ಗಿಡದ ಕೆಳಗ ಕುಂತು ವಿಚಾರ ಮಾಡಿ ಬಾ" ಎಂದು ಅರ್ಜಿ ನನ್ನ ಕೈಗೇ ಕೊಟ್ಟರು. ಬೇವಿನ ಗಿಡದ ಕೆಳಗೆ ಕುಂತು ವಿಚಾರ ಮಾಡಿದೆ. ಡಾಕ್ಟರಾಗುವ ಆಸೆ ನನಗೆ ಯಾವತ್ತೂ ಇರಲಿಲ್ಲ, ಕಪ್ಪೆ ಕೊಯ್ಯುವ ಆಸೆಯಂತೂ ಇರಲೇ ಇಲ್ಲ. ಬಯಾಲಜಿಯನ್ನು ಹೊಡೆದುಹಾಕಿ ಕಂಪ್ಯೂಟರ್ ಸೈನ್ಸ್ ಬರೆದೆ. ನನ್ನ ಬಾಳಿನಲ್ಲಿ ನಾನೇ ವಿಚಾರ ಮಾಡಿ ಆರಿಸಿಕೊಂಡ ಮೊದಲನೆಯದು ಅದು.

ಸರ್ ಶಹಾಬಾದಿನಿಂದ ವಾಡಿಗೆ ಬಂದು, ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಬರುತ್ತಿದ್ದರು. ನಾನು ಅದೇ ಮುಂಜಾನೆ ಪ್ಯಾಸೆಂಜರನ್ನು ಚಿತ್ತಾಪುರದಲ್ಲಿ ಹತ್ತುತ್ತಿದ್ದೆ. ಅವರು ಅತಿಥಿ ಉಪನ್ಯಾಸಕರು, ಪ್ರತಿ ವರ್ಷ ಹೊಸದಾಗಿ ಕರೆ ಬರಬೇಕು. ಆ ಸಂಗತಿ ನಮಗಾರಿಗೂ ಗೊತ್ತಿರಲಿಲ್ಲ, ಅವರು ಗೊತ್ತಾಗಗೊಡಲಿಲ್ಲ.

ಕಾಲೇಜು ಶುರುವಾದ ಮೇಲೆ ನನ್ನ ಧೈರ್ಯವೆಲ್ಲ ಇಳಿಯಿತು. ಪುಸ್ತಕ ಪೂರಾ ಇಂಗ್ಲಿಷು. ಸಿಮೆಂಟ್ ಫ್ಯಾಕ್ಟರಿ ಕಾಲೊನಿಯಿಂದ ಬರುವ ಹುಡುಗ ಹುಡುಗಿಯರು ಓದಿದ್ದೇ ಇಂಗ್ಲಿಷಿನಲ್ಲಿ. ನಾವು ಹಳ್ಳಿಯವರು ಹಿಂದಿನ ಬೆಂಚಿನಲ್ಲಿ ಕುಂತು ಕೇಳಿದ್ದಕ್ಕೆಲ್ಲ "ಹೂಂರಿ" ಅನ್ನುತ್ತಿದ್ದೆವು. ನಮ್ಮ ಕಡೆ ದೊಡ್ಡವರು ಏನಾದರೂ ಹೇಳಿದರೆ ಹೂಂರಿ ಅನ್ನುವುದು ಮರ್ಯಾದೆ, ತಿಳಿಯಿತೋ ಬಿಟ್ಟಿತೋ ಆ ಮಾತು ಬೇರೆ. ಸರ್ ಮೊದಲ ವಾರದಲ್ಲೇ ಆ ಶಬ್ದ ಬಂದ್ ಮಾಡಿಸಿದರು. "ಹೂಂರಿ ಅಂದವರು ಬೋರ್ಡಿಗೆ ಬರ್ರಿ" ಅನ್ನುತ್ತಿದ್ದರು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಬೇಕು, ತಿಳಿದಿದ್ದರೆ ಮೊದಲು ನಮ್ಮ ಮಾತಿನಲ್ಲಿ ಹೇಳಬೇಕು. ನಮ್ಮ ಮಾತು ಮುಗಿದ ಮೇಲೆ ಚಿತ್ರ, ಚಿತ್ರ ಮುಗಿದ ಮೇಲೆ ಇಂಗ್ಲಿಷು, ಸೂತ್ರ ಎಲ್ಲಕ್ಕಿಂತ ಕಡೆಗೆ. ಅವರ ಪಾಠದ ಕ್ರಮ ಎರಡು ವರ್ಷವೂ ಇದೇ ಇತ್ತು.

ಚಲನೆಯ ಮೊದಲ ನಿಯಮದ ದಿನ ನನ್ನ ಸರದಿ ಬಂತು. ಹಿಂದಿನ ದಿನವೇ ನಾನು ಡಿಕ್ಷನರಿ ತೆಗೆದು ಒಂದೊಂದೇ ಶಬ್ದ ಹುಡುಕಿ ಇಟ್ಟುಕೊಂಡಿದ್ದೆ. ಬಾಡಿ ಅಂದರೆ ಮೈ. ರೆಸ್ಟ್ ಅಂದರೆ ಆರಾಮ. ಫೋರ್ಸ್ ಅಂದರೆ ಒತ್ತಾಯ, ನಮ್ಮ ಕಡೆ ಜಬರದಸ್ತಿ. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: "ಎಲ್ಲರ ಮೈನೂ ಆರಾಮ ಇರ್ತದ್ರಿ ಸರ್, ಹೊರಗಿನವ್ರು ಬಂದು ಜಬರದಸ್ತಿ ಮಾಡೋತನಕ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮುಂದಿನ ಬೆಂಚಿನವನೊಬ್ಬ ನಕ್ಕು ನಕ್ಕು ಕೆಮ್ಮತೊಡಗಿದ. ಸರ್ ನಗಲಿಲ್ಲ. ನನ್ನ ಮಾತನ್ನು ಒಂದಕ್ಷರ ಬಿಡದೆ ಬೋರ್ಡಿನ ಮೇಲೆ ಬರೆದು ಹಿಂದೆ ಸರಿದು ನಿಂತರು.

"ಇದ್ರಾಗ ತಪ್ಪು ಎಲ್ಲದ, ಯಾರರೆ ತೋರಸ್ರಿ."

ಕಡೆಗೆ ಅವರೇ ಮೈ ಎಂಬುದನ್ನು ಅಳಿಸಿ ವಸ್ತು ಎಂದು ಬರೆದರು, ಜಬರದಸ್ತಿ ಅಳಿಸಿ ಬಲ ಎಂದು ಬರೆದರು. "ಉಳದದ್ದು ಎಲ್ಲಾ ಖರೇ ಅದ. ಆದ್ರ ತಂಗಿ, ಅರ್ಧಾ ಹೇಳೀದಿ. ಆರಾಮ ಕುಂತವನ ಮಾತಾತು, ಓಡ್ಲಿಕತ್ತವನ ಗತಿ ಏನು?"

"ಓಡ್ಕೋತನೇ ಇರ್ತಾನೇನ್ರಿ?"

"ಎಲ್ಲೀತನಕ?"

"ಯಾರರೆ ಹಿಡಿಯೋತನಕ."

"ಕುಂದ್ರು. ಕಾನೂನು ಪೂರಾ ಆತು" ಅಂದರು.

ಸರ್ ಹೇಳಿದ್ದು ನನಗೆ ಬಹಳ ದಿನಗಳ ಮೇಲೆ ಅರ್ಥವಾಯಿತು. ಆವತ್ತು ಕೇಳಿದ್ದು ನಗು ಮಾತ್ರ. ಮರುದಿನದಿಂದ ನನ್ನ ಹೆಸರು ಆರಾಮಬಾಯಿ ಆಯಿತು. ಕಾರಿಡಾರಿನಲ್ಲಿ ಹೋದರೆ "ಆರಾಮಬಾಯಿ, ಮೈ ಆರಾಮದೇನ್ರಿ?" ಎಂದು ಕೇಳುವರು. ಅದರ ಮೇಲೆ ಮೊದಲ ಟೆಸ್ಟಿನಲ್ಲಿ ಮೂವತ್ತೈದಕ್ಕೆ ಒಂಬತ್ತು ಬಂತು. ಸಾಕು ಮಾರಾಯ್ತಿ ಎಂದು ನನಗೆ ನಾನೇ ಹೇಳಿಕೊಂಡು ಆರ್ಟ್ಸಿಗೆ ಬದಲಿಸಿಕೊಡಿ ಎಂದು ಅರ್ಜಿ ಬರೆದೆ. ಅಪ್ಪನಿಗೆ ತೋರಿಸಿದೆ. ಅಪ್ಪ ಮೊದಲಿನಿಂದಲೂ ಸೈನ್ಸಿಗೆ ಹೆದರಿದವನು. ಮರುದಿನ ಹೊಲದ ಕೆಲಸ ಬಿಟ್ಟು, ಸರ್ ಅವರನ್ನೇ ಕೇಳಿ ಮುಗಿಸಿಬಿಡೋಣ ಎಂದು ನನ್ನ ಜೊತೆ ಚಿತ್ತಾಪುರ ಸ್ಟೇಷನ್ನಿಗೆ ಬಂದ.

ಪ್ಯಾಸೆಂಜರ್ ಅಲ್ಲಿ ನಿಲ್ಲುವುದು ಎರಡು ನಿಮಿಷ. ನಾನು ಗಾಡಿ ಹತ್ತಿದೆ. ಅಪ್ಪ ಕೆಳಗೆ ನಿಂತು ಸರ್ ಕುಂತಿದ್ದ ಕಿಟಕಿಯ ಸರಳು ಹಿಡಿದುಕೊಂಡ. "ಜೈಭೀಮ್ ಸರ" ಅಂದ.

"ಜೈಭೀಮ್ ಕಾಕಾ. ಹೇಳ್ರಿ."

"ಇಕಿನ್ನ ಆರ್ಟ್ಸಿಗೆ ಹಾಕ್ರಿ ಸರ. ಸೈನ್ಸು ನಮಗ ಆಗೋದಲ್ಲ. ನಮ್ಮ ಅಣ್ಣನ ಮಗ ಮೂರು ಸರ್ತಿ ಕುಂತ. ಮೂರು ಸರ್ತಿನೂ ಫಿಸಿಕ್ಸಿನಾಗೇ ಹ್ವಾದ. ಈಗ ಟಂಟಂ ಆಟೋ ಹೊಡಿತಾನ."

"ಟಂಟಂ ಹೊಡಿಯೋದು ಕೆಟ್ಟದೇನಲ್ಲ ಕಾಕಾ. ಆದ್ರ ಇಕಿ ಇನ್ನಾ ಒಂದು ಸರ್ತಿನೂ ಕುಂತಿಲ್ಲಲ್ಲ?"

ಗಾಡಿ ಸೀಟಿ ಹೊಡೆಯಿತು. ಅಪ್ಪ ಗಾಡಿಯ ಜೊತೆ ನಡೆಯುತ್ತಾ ಬಂದ. ನಡೆಯುತ್ತಲೇ ವಿಚಾರ ಮಾಡಿದ ಅನಿಸುತ್ತದೆ. "ಒಂದೇ ಸರ್ತಿ ಸರ. ಪಾಸಾದ್ರ ಮುಂದ ಓದ್ಲಿ. ಫೇಲಾದ್ರ ಪುಸ್ತಕ ಕಟ್ಟಿ ಇಡ್ಲಿ, ಮತ್ತ ಕುಂದ್ರೋದಿಲ್ಲ."

"ಒಂದೇ ಸರ್ತಿ. ನನ್ನ ಮಾತದ ಕಾಕಾ" ಅಂದರು ಸರ್. ಅಪ್ಪ ಕಿಟಕಿ ಬಿಟ್ಟ.

ಫೇಲಾದವರಿಗೆ ಸರಕಾರ ಮತ್ತೆ ಮತ್ತೆ ಪರೀಕ್ಷೆಗೆ ಕೂಡುವ ಅವಕಾಶ ಕೊಡುತ್ತದೆ. ಅಪ್ಪ ಕೊಟ್ಟದ್ದು ಒಂದೇ. ಅವನು ಮಾತು ತಪ್ಪುವವನಲ್ಲ ಎಂದು ನನಗೆ ಗೊತ್ತಿತ್ತು. ಇಬ್ಬರು ಗಂಡಸರು ಎರಡು ನಿಮಿಷದಲ್ಲಿ ನನ್ನ ಹಣೆಬರಹ ಮಾತಾಡಿ ಮುಗಿಸಿದ್ದರು, ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಾನು ಮುಖ ಊದಿಸಿಕೊಂಡು ಕುಂತಿದ್ದು ನೋಡಿ ಸರ್ ಹೇಳಿದರು: "ಈಗ ನಿನ್ನ ಕೇಳ್ತೀನಿ. ಅರ್ಜಿ ನಿನ್ನ ಚೀಲದಾಗದ. ಕೊಡ್ತಿದ್ರ ಸಹಿ ಮಾಡ್ತೀನಿ, ಯಾಕಂತ ಕೇಳಂಗಿಲ್ಲ. ಸೇಡಂ ಬರೋತನಕ ಟೈಮದ." ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕುಂತುಬಿಟ್ಟರು. ಮಳಖೇಡ ದಾಟಿತು. ಆ ಕೆಮ್ಮಿಕೊಂಡು ನಕ್ಕವನು ನಾಳೆ ನಾನು ಆರ್ಟ್ಸ್ ಕ್ಲಾಸಿನಲ್ಲಿ ಕುಂತದ್ದು ನೋಡಿ ಏನಂದಾನು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸೇಡಂ ಬರುವ ಹೊತ್ತಿಗೆ ಅರ್ಜಿ ನಾಲ್ಕು ತುಂಡಾಗಿತ್ತು.

ಅವತ್ತಿನಿಂದ ಗಾಡಿಯಲ್ಲೂ ಪಾಠ ಶುರು. ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು ಲೆಕ್ಕ. ನಾಲ್ಕೈದು ಮಂದಿ ಹಳ್ಳಿಯ ಹುಡುಗರು ಸುತ್ತ ಕುಂದ್ರುತ್ತಿದ್ದೆವು. ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗುತ್ತಿತ್ತು. "ಇದು ಸರಳ ಅದ" ಎಂದು ಯಾರಾದರೂ ಅಂದರೆ ಸರ್ ಗದರಿಸುವರು: "ಸರಳ ಅನ್ನಬ್ಯಾಡ. ಬರಲಾರದವಗ ನಾಚಿಕಿ ಆಗ್ತದ." ಕಲಬುರಗಿಯ ಕೋಚಿಂಗಿಗೆ ಹೋಗಿ ಬರುತ್ತಿದ್ದ ಕೆಲವರು ದಪ್ಪ ದಪ್ಪ ಪುಸ್ತಕ ತೆಗೆದು ನೀಟ್, ಸಿಇಟಿ, ಜೆಇಇ ಎಂದು ಮೂರೂ ಒಟ್ಟಿಗೆ ಓದುತ್ತಿದ್ದರು. ಸರ್ ಅವರಿಗೆ ಬೇಡ ಅನ್ನಲಿಲ್ಲ. "ವಾಡಿ ಜಂಕ್ಷನ್ ಎಷ್ಟು ದೊಡ್ಡದದ, ಅಲ್ಲಿನೂ ಮೂರು ಗಾಡಿ ಒಂದೇ ಪ್ಲಾಟ್‌ಫಾರ್ಮಿಗೆ ಬಿಡಂಗಿಲ್ಲ. ಯಾವುದು ನಿಂದು ಅಂತ ಮೊದಲ ನೋಡ್ಕೊ" ಅನ್ನುತ್ತಿದ್ದರು. ನನಗೆ ಹೇಳಿದ್ದು ಬೋರ್ಡ್ ಪರೀಕ್ಷೆ ಮೊದಲು, ಸಿಇಟಿ ಆಮೇಲೆ, ಉಳಿದದ್ದರ ಕಡೆ ನೋಡಲೂ ಬೇಡ ಅಂತ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಒಂಬತ್ತು ಹೋಗಿ ಅರ್ಧಕ್ಕಿಂತ ಮೇಲೆ ಬಂದಿದ್ದೆ. ಆರಾಮಬಾಯಿ ಎಂಬ ಹೆಸರು ಹಾಗೇ ಇತ್ತು, ಆದರೆ ಈಗ ನನ್ನನ್ನು ಹಾಗೆ ಕರೆದವರೇ ನನ್ನ ನೋಟ್ಸು ಕೇಳುತ್ತಿದ್ದರು. ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಫಿಸಿಕ್ಸಿಗೆ ನೂರು ಅಂಕ. ಅದರಲ್ಲಿ ಮೂವತ್ತು ಪ್ರಾಕ್ಟಿಕಲ್, ಎಪ್ಪತ್ತು ಥಿಯರಿ. ಆ ಮೂವತ್ತು ಅಂದರೆ ನಮ್ಮ ಪಾಲಿಗೆ ಪ್ರಸಾದ ಇದ್ದ ಹಾಗೆ. ಕೈ ಚಾಚಿದವರಿಗೆಲ್ಲ ಸಿಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಅದಕ್ಕೊಂದು ಪದ್ಧತಿಯೂ ಇತ್ತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಮುಂದಿನವರಿಗೆ ಬರುವುದು, ಅದರಲ್ಲಿದ್ದ ಅಳತೆಗಳನ್ನು ನಾವು ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಅವೇ ಅಂಕಿ ಬರೆಯುವುದು. ನನಗೆ ರೆಕಾರ್ಡ್ ಕೊಟ್ಟದ್ದು ಮಳಖೇಡದ ಒಬ್ಬ ಅಕ್ಕ, ಆಕೆಗೆ ಕೊಟ್ಟವರು ಇನ್ಯಾರೋ. ಅಂಕಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಅವೇ. ಸರ್ ಇದನ್ನು ಬೈದಿದ್ದರು, ಕ್ಲಾಸಿನಲ್ಲಿ ನಮ್ಮ ಕೈಯಿಂದ ಪ್ರಯೋಗ ಮಾಡಿಸಿಯೂ ಇದ್ದರು. ಆದರೆ ಪರೀಕ್ಷೆ ಅಂದಾಗ ನಾವು ಅಕ್ಕಂದಿರ ರೆಕಾರ್ಡನ್ನೇ ನಂಬಿದೆವು.

ನಮ್ಮ ತಂಡಕ್ಕೆ ಬಂದದ್ದು ಮಸೂರದ ಸಂಗಮದೂರ ಕಂಡುಹಿಡಿಯುವ ಪ್ರಯೋಗ. ದೀಪದ ಮುಂದೆ ತಂತಿಯ ಜಾಲಿ, ಜಾಲಿಯ ಮುಂದೆ ಮಸೂರ, ಆಚೆಗೊಂದು ಬಿಳಿ ಪರದೆ. ಜಾಲಿ ಮಸೂರದಿಂದ ಇಷ್ಟು ದೂರವಿದ್ದರೆ ಅದರ ಬಿಂಬ ಪರದೆಯ ಮೇಲೆ ಎಷ್ಟು ದೂರದಲ್ಲಿ ಚೊಕ್ಕ ಬೀಳುತ್ತದೆ ಎಂದು ನೋಡಿ ಬರೆಯಬೇಕು. ಜಾಲಿ ಮೂವತ್ತು ಸೆಂಟಿಮೀಟರಿನಲ್ಲಿದ್ದರೆ ಬಿಂಬ ಅರವತ್ತರಲ್ಲಿ ಎಂದು ರೆಕಾರ್ಡ್ ಹೇಳುತ್ತಿತ್ತು. ನಮಗೆ ಗೊತ್ತಿಲ್ಲದ್ದೇನೆಂದರೆ, ಆ ಹಳೆಯ ಮಸೂರಗಳೆಲ್ಲ ಕಸ ಹೊಡೆಯುವಾಗ ಪೆಟ್ಟಿಗೆ ಸಮೇತ ಬಿದ್ದು ಒಡೆದಿದ್ದವು. ಪರೀಕ್ಷೆಗೆ ಇಟ್ಟವು ಹೊಸವು, ಅವುಗಳ ಸಂಗಮದೂರವೇ ಬೇರೆ.

ನಾನು ಜಾಲಿಯನ್ನು ಮೂವತ್ತಕ್ಕೆ ಇಟ್ಟು ಪರದೆ ಸರಿಸಿದೆ. ಮೂವತ್ತು ಸೆಂಟಿಮೀಟರಿಗೆ ಬಂದಾಗ ಜಾಲಿಯ ಒಂದೊಂದು ಎಳೆಯೂ ತಲೆಕೆಳಗಾಗಿ, ಕೂದಲೆಳೆಯಷ್ಟು ಚೊಕ್ಕ ಕಂಡಿತು. ಪೆನ್ಸಿಲ್ ತೆಗೆದು ಮೂವತ್ತು ಎಂದು ಬರೆದೆ. ಬರೆದ ಮೇಲೆ ರೆಕಾರ್ಡ್ ನೆನಪಾಯಿತು. ಅರವತ್ತು ಇರಬೇಕಿತ್ತಲ್ಲ? ಅತ್ತಿತ್ತ ನೋಡಿದೆ. ಆಚೆ ಟೇಬಲ್ಲಿನವಳು ಅರವತ್ತು ಬರೆದಿದ್ದಳು, ಅವಳ ಆಚೆಯವನೂ ಅರವತ್ತು. ನಾನೇ ಎಲ್ಲೋ ತಪ್ಪಿದ್ದೇನೆ ಅನಿಸಿತು. ಇದ್ದದ್ದು ಒಂದೇ ಸರ್ತಿ. ರಬ್ಬರ್ ತೆಗೆದು ಮೂವತ್ತನ್ನು ಅಳಿಸಿದೆ, ಅರವತ್ತು ಬರೆದೆ. ಉಳಿದ ಅಂಕಿಗಳನ್ನೂ ನೆನಪಿನಿಂದ ತುಂಬಿ ಕೊಟ್ಟೆ.

ಸರ್ ಜೊತೆ ಪರೀಕ್ಷಕರಾಗಿ ಬೇರೆ ಊರಿನಿಂದ ಇನ್ನೊಬ್ಬರು ಬಂದಿದ್ದರು. ಸರ್ ನನ್ನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಇಲ್ಲಿ ಮೊದಲ ಏನಿತ್ತು?"

"ಮೂವತ್ತು ಇತ್ರಿ."

"ಯಾಕ ಅಳಿಸಿದಿ?"

"ಎಲ್ಲರೂ ಅರವತ್ತು ಬರದಾರ್ರಿ ಸರ್."

ಈ ಸಲ ಹೆಸರು ಹೇಳು ಎಂದು ಕೇಳಲಿಲ್ಲ. ನನ್ನನ್ನು ಟೇಬಲ್ಲಿಗೆ ಕರೆದೊಯ್ದು ಪರದೆಯನ್ನು ಅರವತ್ತಕ್ಕೆ ಇಟ್ಟರು. "ಏನು ಕಾಣ್ತದ ಹೇಳು."

"ಏನೂ ಕಾಣಂಗಿಲ್ರಿ." ಬರೀ ಮಂಕಾದ ಬೆಳಕು.

"ಕಾಣದ್ದು ಬರದಿ. ಕಣ್ಣಿಗೆ ಕಂಡದ್ದು ಅಳಿಸಿದಿ" ಅಂದರು. ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಹೊರಗಿನಿಂದ ಬಂದವರು, "ಹೋಗ್ಲಿ ಬಿಡ್ರಿ ಸರ. ಹುಡುಗರ ಮುಂದಿಂದು ನೋಡ್ರಿ" ಅಂದರು.

"ಮುಂದಿಂದೇ ನೋಡ್ಲಿಕತ್ತೀನ್ರಿ" ಅಂದರು ಸರ್.

ಅರವತ್ತು ಬರೆದವರಿಗೆಲ್ಲ ಅಂಕ ಕಡಿಮೆಯಾದವು. ನನಗೆ ಎಲ್ಲರಿಗಿಂತ ಕಡಿಮೆ, ಮೂವತ್ತಕ್ಕೆ ಹದಿನೈದು. ಅದನ್ನು ಅವರು ಬಚ್ಚಿಡಲಿಲ್ಲ. ಹೊರಗೆ ಬಂದು ನನ್ನ ಮುಖಕ್ಕೇ ಹೇಳಿದರು. ಉಳಿದವರಿಗಿಂತ ನನಗೇ ಯಾಕೆ ಕಡಿಮೆ ಎಂದು ಕೇಳಿದೆ. "ಅವ್ರು ಪರದೆ ಕಡೀಗೆ ನೋಡೇ ಇಲ್ಲ. ನೀ ನೋಡಿದ್ದಿ" ಅಂದರು. ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

"ನಮ್ಮಪ್ಪಗ ಮಾತು ಕೊಟ್ಟಿದ್ರಿ ಸರ್ ನೀವು."

"ಕೊಟ್ಟೀನಿ. ಒಂದೇ ಸರ್ತಿಗೆ ಪಾಸಾಗೋಹಂಗ ಕಲಸ್ತೀನಿ ಅಂತ ಕೊಟ್ಟೀನಿ. ಮಾರ್ಕ್ಸ್ ದಾನ ಮಾಡ್ತೀನಿ ಅಂತ ಕೊಟ್ಟಿಲ್ಲ."

ನಾನು ಮಾತು ಬಿಟ್ಟೆ. ಮನೆಯಲ್ಲಿ ಅಪ್ಪನಿಗೆ ಹೇಳುವ ಧೈರ್ಯ ಆಗಲಿಲ್ಲ. ಥಿಯರಿ ಪರೀಕ್ಷೆಗೆ ಕೆಲವೇ ವಾರ ಉಳಿದಿದ್ದವು. ಗಾಡಿಯಲ್ಲಿ ಸರ್ ಕುಂತ ಡಬ್ಬಿ ಬಿಟ್ಟು ಆಚೆ ಡಬ್ಬಿಗೆ ಹತ್ತತೊಡಗಿದೆ. ಮೊದಲ ದಿನವೇ ಒಬ್ಬ ಹುಡುಗ ಬಂದು ಒಂದು ಕಾಗದ ಕೊಟ್ಟ. "ಸರ್ ಕೊಟ್ಟಾರ." ಹಳೆಯ ಪ್ರಶ್ನೆಪತ್ರಿಕೆಯಿಂದ ಆರಿಸಿ ಕೈಯಿಂದ ಬರೆದ ಐದು ಪ್ರಶ್ನೆ. ಹರಿದು ಕಿಟಕಿಯಿಂದ ಒಗೆಯಬೇಕು ಅನಿಸಿತು. ಒಗೆಯಲಿಲ್ಲ, ಯಾಕೆಂದರೆ ನಾಲ್ಕನೆಯ ಪ್ರಶ್ನೆ ನನಗೆ ಬರುತ್ತಿರಲಿಲ್ಲ. ಅದು ಬರುವವರೆಗೆ ಬಿಡಬಾರದು ಎಂದು ಕುಂತೆ. ಸಂಜೆ ಉತ್ತರ ಬರೆದ ಕಾಗದವನ್ನು ಅದೇ ಹುಡುಗನ ಕೈಯಲ್ಲಿ ಕಳಿಸಿದೆ. ಮರುದಿನ ಅದು ಕೆಂಪು ಗುರುತು ಹೊತ್ತು ಬಂತು, ಜೊತೆಗೆ ಹೊಸ ಐದು. ಕೆಳಗೆ ಒಂದೇ ಸಾಲು: "ಚಿತ್ರ ಎಲ್ಲಿ?"

ಹೀಗೆ ಪರೀಕ್ಷೆಯ ಹಿಂದಿನ ದಿನದವರೆಗೆ ನಡೆಯಿತು. ಒಂದೇ ಗಾಡಿಯ ಎರಡು ಡಬ್ಬಿಗಳಲ್ಲಿ ಕುಂತು ನಾವಿಬ್ಬರೂ ಒಂದು ಮಾತೂ ಆಡದೆ ಕಾಗದ ಕಳಿಸಿಕೊಂಡೆವು. ನಡುವೆ ಓಡಾಡುವ ಹುಡುಗ, "ಆರಾಮಬಾಯಿ, ನೀನರೆ ಹೋಗು, ಇಲ್ಲ ಅವರನ್ನರೆ ಕರಿ, ನನಗ ಕಾಲು ನೋಯ್ತಾವ" ಎಂದು ಗೊಣಗುತ್ತಿದ್ದ. ನಾನು ಹೋಗಲಿಲ್ಲ. ಸರ್ ಕೂಡ ಕರೆಯಲಿಲ್ಲ. ಕಡೆಯ ದಿನದ ಕಾಗದದ ಕೆಳಗೆ, "ಮೊದಲ ಪೂರಾ ಪ್ರಶ್ನೆಪತ್ರಿಕೆ ಓದು. ಆಮೇಲೆ ಪೆನ್ನು ತೆಗಿ" ಎಂದು ಬರೆದಿದ್ದರು.

ಪರೀಕ್ಷೆಯಲ್ಲಿ ಹಾಗೇ ಮಾಡಿದೆ. ಸಿಟ್ಟಿನಲ್ಲಿದ್ದವರಿಗೆ ಹೆದರಿಕೆ ಮರೆತುಹೋಗುತ್ತದೆಯೋ ಏನೋ. ಬಾರದ್ದನ್ನು ಬಿಟ್ಟೆ, ಬಂದದ್ದಕ್ಕೆಲ್ಲ ಚಿತ್ರ ಬರೆದೆ. ಪಕ್ಕದವನು ಒಂದು ಉತ್ತರ ಸನ್ನೆ ಮಾಡಿ ತೋರಿಸಿದ. ನನ್ನದು ಬೇರೆ ಬಂದಿತ್ತು, ನನ್ನದನ್ನೇ ಇಟ್ಟೆ. ಫಲಿತಾಂಶ ಬಂದ ದಿನ ಅಪ್ಪ ಅಣ್ಣನ ಮಗನ ಫೋನಿನಲ್ಲಿ ನೋಡಿಸಿದ. ಥಿಯರಿಯಲ್ಲಿ ಎಪ್ಪತ್ತಕ್ಕೆ ಐವತ್ತಾರು. ಒಟ್ಟು ಎಪ್ಪತ್ತೊಂದು. ಅಪ್ಪ ಮೂರು ಸಲ ಓದಿಸಿ ಕೇಳಿದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಸರ್ ಮಾತು ಉಳಸ್ಕೊಂಡ್ರು" ಅಂದ. ನಾನು ಉಳಿಸಿಕೊಂಡದ್ದು ಏನೂ ಇಲ್ಲವೆಂಬ ಹಾಗೆ. ಅದಕ್ಕೂ ಸಿಟ್ಟು ಬಂತು.

ಅಂಕಪಟ್ಟಿ ತರಲು ಕಾಲೇಜಿಗೆ ಹೋದಾಗ ಸರ್ ಸಿಕ್ಕರು. ಎಷ್ಟು ಬಂತು ಎಂದು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. "ಯಾವ ಪ್ರಶ್ನೆ ಬಿಟ್ಟಿ?" ಎಂದು ಕೇಳಿದರು. ಹೇಳಿದೆ. "ಅದನ್ನ ಈಗ ಕಲಿ. ಪರೀಕ್ಷಾ ಮುಗೀತಂತ ಬಿಡಬ್ಯಾಡ." ಆಮೇಲೆ, "ಇನ್ನಾ ಸಿಟ್ಟದೇನು?" ಅಂದರು.

"ಅದರಿ ಸರ್."

"ಇರ್ಲಿ. ಖರೇ ಹೇಳಿದಿ" ಎಂದು ನಕ್ಕರು. ಅವರು ಕೈ ಮುಂದೆ ಮಾಡಿ ನನ್ನ ತಲೆ ಮುಟ್ಟಿದರು. ನಾನು ಕಾಲು ಮುಟ್ಟಲಿಲ್ಲ. ಬಗ್ಗಲಿಕ್ಕೆ ಮನಸ್ಸಾಗಲಿಲ್ಲ. ಹದಿನೈದು ಅಂಕ ಕಡಿಮೆಯಾದದ್ದು ಸಿಇಟಿ ರ‍್ಯಾಂಕಿನ ಮೇಲೂ ಬಿತ್ತು ಎಂದು ನನ್ನ ಲೆಕ್ಕ. ನನಗೆ ಬೇಕಿದ್ದ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ. ಕಲಬುರಗಿಯಲ್ಲಿ ಬಿ.ಎಸ್ಸಿ. ಮಾಡಿದೆ.

ಬಿ.ಎಸ್ಸಿ. ಮುಗಿದ ಮೇಲೆ ಚಿಂಚೋಳಿಯಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಗುತ್ತಿಗೆ ಮೇಲೆ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಕೊಡ್ಲಿ, ಸುಲೇಪೇಟ ಕಡೆಯ ಹಳ್ಳಿಗಳಿಂದ ಬಾಟಲಿಗಳಲ್ಲಿ ನೀರು ಬರುತ್ತದೆ, ಕೆಲವು ಸಲ ನಾವೇ ಹೋಗಿ ತುಂಬಿಕೊಂಡು ಬರುತ್ತೇವೆ. ಸೇರಿದ ಮೊದಲ ವರ್ಷ ಸುಲೇಪೇಟದ ಆಚೆಯ ಒಂದು ಹಳ್ಳಿಯ ಬೋರ್‌ವೆಲ್ಲಿನ ನೀರು ಬಂತು. ಮೀಟರಿನಲ್ಲಿ ಫ್ಲೋರೈಡ್ ಇರಬೇಕಾದ್ದಕ್ಕಿಂತ ಜಾಸ್ತಿ ತೋರಿಸಿತು. ಹಿಂದಿನ ಸಲದ ವರದಿಯಲ್ಲಿ ಎಲ್ಲ ಸರಿ ಎಂದಿತ್ತು. ಜೊತೆಯಲ್ಲಿದ್ದ ಹಳಬರು, "ಹ್ವಾದ ಸರ್ತಿದೇ ಬರದ್ ಬಿಡ್ರಿ. ಮೀಟರ್ ಹಿಂಗೇ ಒಮ್ಮೊಮ್ಮೆ ಆಡ್ತದ" ಅಂದರು. ಹೇಳಿದ್ದರಲ್ಲಿ ಕೇಡೇನೂ ಇರಲಿಲ್ಲ, ಸುಮ್ಮನೆ ರೂಢಿ. ನಾನೂ ಪೆನ್ನು ತೆಗೆದುಕೊಂಡಿದ್ದೆ. ಬರೆಯಲು ಕೈ ಬರಲಿಲ್ಲ. ಮೀಟರನ್ನು ಹೊಂದಿಸಿ ಮತ್ತೆರಡು ಸಲ ನೋಡಿದೆ. ಮೂರೂ ಸಲ ಅದೇ ಬಂತು, ಅದನ್ನೇ ಬರೆದೆ.

ಆ ಬೋರ್‌ವೆಲ್ಲಿಗೆ ಕುಡಿಯಬಾರದೆಂದು ಕೆಂಪು ಬಣ್ಣ ಬಳಿದರು. ಕುಡಿಯುವ ನೀರಿಗೆ ಊರಿನ ಹೆಣ್ಣುಮಕ್ಕಳು ದೂರದ ನಳಕ್ಕೆ ಹೋಗಬೇಕಾಯಿತು. ಮತ್ತೊಮ್ಮೆ ಬಾಟಲಿ ತುಂಬಿಕೊಳ್ಳಲು ಹೋದಾಗ ಒಬ್ಬ ಮುದುಕಿ ದಾರಿಗಡ್ಡ ನಿಂತು, "ನಿನ್ನ ಮಷೀನು ಕೆಟ್ಟದ ಯವ್ವಾ, ನಮ್ಮ ನೀರು ಕೆಟ್ಟಿಲ್ಲ. ನನ್ನ ಕೊಡ ನೀ ಹೊರ್ತಿಯೇನು?" ಎಂದು ಬಾಯಿಗೆ ಬಂದ ಹಾಗೆ ಬೈದಳು. ಆಕೆಯ ಬೈಗುಳ ತಪ್ಪೆನಿಸಲಿಲ್ಲ. ನಾನು ಬರೆದ ಒಂದು ಅಂಕಿಯಿಂದ ಆಕೆಯ ತಲೆಯ ಮೇಲೆ ಭಾರ ಹೆಚ್ಚಾಗಿತ್ತು. ಆದರೂ ಆ ಅಂಕಿಯನ್ನು ಬದಲಿಸುವ ಹಾಗಿರಲಿಲ್ಲ. ವಾಪಸು ಬಸ್ಸಿನಲ್ಲಿ ಕುಂತಾಗ ಪ್ರಾಕ್ಟಿಕಲ್ ದಿನದ ಸರ್ ಮುಖ ನೆನಪಾಯಿತು. ಕಾಗದವನ್ನು ಅಷ್ಟು ಹೊತ್ತು ಬೆಳಕಿಗೆ ಹಿಡಿದು ನಿಂತಿದ್ದರಲ್ಲ, ಅವರ ಕೈಗೂ ಹದಿನೈದು ಎಂದು ಬರೆಯುವುದು ಕಷ್ಟವಾಗಿದ್ದಿರಬೇಕು. ನನ್ನ ಅಪ್ಪನಿಗೆ ಮಾತು ಕೊಟ್ಟವರು ಅವರೇ ಅಲ್ಲವೇ? ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ. ಚಿಂಚೋಳಿ ಬರುವುದರೊಳಗೆ ನನ್ನ ಸಿಟ್ಟು ಇಳಿದುಹೋಗಿತ್ತು. ಕಣ್ಣಲ್ಲಿ ನೀರು ಬಂತು, ಕಿಟಕಿ ಕಡೆ ತಿರುಗಿ ಕುಂತೆ.

ಫೋನ್ ಮಾಡಬೇಕು ಎಂದುಕೊಂಡೆ. ಏನೆಂದು ಶುರು ಮಾಡುವುದು ಎಂದು ತಿಳಿಯಲಿಲ್ಲ. ಸಿಟ್ಟಿನವರಿಗೆ ಸಿಟ್ಟು ಮಾಡುವುದು ಗೊತ್ತು, ಬಿಟ್ಟದ್ದನ್ನು ಹೇಳುವುದು ಗೊತ್ತಿಲ್ಲ. ದಸರಾಕ್ಕೆ ಬನ್ನಿ ಎಲೆ ಕೊಡಲು ಹೋಗೋಣ ಎಂದುಕೊಂಡೆ, ಹೋಗಲಿಲ್ಲ. ಕೆಲಸ ಕಾಯಂ ಆದ ಮೇಲೆ ಪೇಢೆ ತೆಗೆದುಕೊಂಡು ಹೋಗೋಣ ಎಂದುಕೊಂಡೆ, ಕಾಯಂ ಆಗಲಿಲ್ಲ.

ಹೋದ ವರ್ಷ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು. ಮುಂಜಾನೆ ಕಾಲೇಜಿಗೆ ಹೊರಟವರಿಗೆ ವಾಡಿ ಸ್ಟೇಷನ್ನಿನಲ್ಲಿ ಎದೆ ಹಿಡಿಯಿತಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು. ನಾನು ರಜೆ ಹಾಕಿ ಶಹಾಬಾದಿಗೆ ಹೋಗುವಷ್ಟರಲ್ಲಿ ಮಣ್ಣೂ ಆಗಿತ್ತು. ಸಣ್ಣ ಮನೆ, ಒಳಗೆ ಫರಸಿ ಹಾಸಿದ ತಣ್ಣನೆಯ ನೆಲ. ನೆಲದ ಮೇಲೆ ಕುಂತಿದ್ದ ಹೆಣ್ಣುಮಕ್ಕಳ ನಡುವೆ ಹೋಗಿ ಕುಂತೆ. ಸರ್ ಅವರ ಹೆಂಡತಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಯಾವ ಊರು, ಯಾವ ವರ್ಷದವಳು ಎಂದು ಕೇಳಿದರು. ಚಿತ್ತಾಪುರದಲ್ಲಿ ಗಾಡಿ ಹತ್ತುತ್ತಿದ್ದೆ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಆಚಿ ಡಬ್ಬ್ಯಾಗ ಕುಂದ್ರತಿದ್ದ ಹುಡುಗಿ ನೀನೇ ಏನವ್ವ? ಭಾಳ ಸರ್ತಿ ಹೇಳೋರು. ಮಾತು ಬಿಟ್ಟಾಳ, ಲೆಕ್ಕ ಬಿಟ್ಟಿಲ್ಲ ಅಂತಿದ್ರು."

ಅವರು ನನ್ನ ಕೈ ಹಿಡಿದುಕೊಂಡರು.

"ಸಿಟ್ಟು ಹೋತೇನವ್ವ?"

"ಹೋಗ್ಯದ್ರಿ" ಅಂದೆ.

ಸಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಸರ್ ನಂಬರು ನನ್ನ ಫೋನಿನಲ್ಲೇ ಇತ್ತು.